ಸ್ಪೋರ್ಟ್ಸ್ ಕಾರಿನ ಪೆಟ್ರೋಲ್: ಎಲ್ಲಿ ಉಳಿಸಬೇಕು, ಎಲ್ಲಿ ಸುಡಬೇಕು

ನೂರೈವತ್ತು ಅಶ್ವಶಕ್ತಿಯ ಕಾರನ್ನು ಮನೆಗೆ ತಂದ ದಿನ ನೆಂಟರು ಕೇಳುವ ಮೊದಲ ಪ್ರಶ್ನೆ "ಮೈಲೇಜ್ ಎಷ್ಟು ಕೊಡುತ್ತದೆ?" ಎಂಬುದು. ಕೊಂಡವರಲ್ಲಿ ಕೆಲವರು ಇಂಥ ಕಾರಿಗೆ ಮೈಲೇಜ್ ನೋಡಬಾರದು ಎಂದು ಮಾತು ಮುಗಿಸುತ್ತಾರೆ; ಇನ್ನು ಕೆಲವರು ಪೆಟ್ರೋಲಿನ ಬೆಲೆ ನೂರು ರೂಪಾಯಿ ದಾಟಿದ ಮೇಲೆ ಆಸೆಪಟ್ಟು ಕೊಂಡ ಕಾರಿನ ಆಕ್ಸಿಲರೇಟರ್ ತುಳಿಯಲೂ ಮನಸ್ಸು ಬರುತ್ತಿಲ್ಲ ಎಂದು ಕೊರಗುತ್ತಾರೆ. ಇಬ್ಬರೂ ಲೆಕ್ಕ ಹಾಕಿ ನೋಡಿಲ್ಲ ಎಂಬುದು ನನ್ನ ನಂಬಿಕೆ. ಇಂಥ ಕಾರಿನ ಸುಖ ಇರುವ ಜಾಗದಲ್ಲಿ ಪೆಟ್ರೋಲ್ ಅಷ್ಟಾಗಿ ಖರ್ಚಾಗುವುದಿಲ್ಲ, ಮತ್ತು ಪೆಟ್ರೋಲ್ ಸುರಿದುಹೋಗುವ ಜಾಗದಲ್ಲಿ ಚಾಲಕನ ಅನುಭವಕ್ಕೆ ಬರುವಂಥದ್ದು ಏನೂ ಇರುವುದಿಲ್ಲ. ಈ ಮಾತನ್ನು ಅಂಕಿಗಳಿಂದ ತೋರಿಸಿ, ಅದರಂತೆ ಕಾರು ಓಡಿಸುವುದು ಹೇಗೆಂದು ವಿವರಿಸುವುದು ಈ ಬರಹದ ಉದ್ದೇಶ. ಉದಾಹರಣೆಗೆ ಚಾಲಕನೂ ಸೇರಿ 1,300 ಕೆ.ಜಿ. ತೂಗುವ, ಟರ್ಬೊ (ಎಂಜಿನ್ನಿಗೆ ಹೆಚ್ಚು ಗಾಳಿಯನ್ನು ಒತ್ತಿ ತುಂಬುವ ಸಾಧನ) ಇರುವ ಪೆಟ್ರೋಲ್ ಎಂಜಿನ್ನಿನ, 150 ಅಶ್ವಶಕ್ತಿಯ ಕಾರೊಂದನ್ನು ಇಟ್ಟುಕೊಳ್ಳೋಣ. ರಸ್ತೆಗಳು ನಮ್ಮವೇ ಇರಲಿ.

ಮೊದಲು ಲೆಕ್ಕ

ಬೆಂಗಳೂರು–ಮೈಸೂರು ಹೆದ್ದಾರಿಯನ್ನೇ ತೆಗೆದುಕೊಳ್ಳಿ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಈ ರಸ್ತೆಯ ಉದ್ದ ಸುಮಾರು 118 ಕಿ.ಮೀ., ಕಾರುಗಳಿಗೆ ಇರುವ ವೇಗದ ಮಿತಿ ಗಂಟೆಗೆ 100 ಕಿ.ಮೀ. ಸಮತಟ್ಟಾದ ನೇರ ರಸ್ತೆಯಲ್ಲಿ ಒಂದೇ ವೇಗದಲ್ಲಿ ಸಾಗುವ ಕಾರನ್ನು ಎರಡು ಬಲಗಳು ಹಿಂದಕ್ಕೆ ಹಿಡಿದೆಳೆಯುತ್ತವೆ. ಒಂದು, ಟೈರುಗಳ ಉರುಳುವಿಕೆಯ ತಡೆ. ನಮ್ಮ ಕಾರಿಗೆ ಇದು ಸುಮಾರು 140 ನ್ಯೂಟನ್ ಇದ್ದು, ವೇಗ ಹೆಚ್ಚಿದರೂ ಹೆಚ್ಚೇನೂ ಬದಲಾಗುವುದಿಲ್ಲ. ಇನ್ನೊಂದು ಗಾಳಿಯ ತಡೆ, ಇದು ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ದಖ್ಖನಿನ ಎತ್ತರದಲ್ಲಿ ಗಾಳಿ ಸ್ವಲ್ಪ ತೆಳುವಾಗಿರುವುದನ್ನೂ ಲೆಕ್ಕಕ್ಕೆ ಹಿಡಿದರೆ 80 ಕಿ.ಮೀ. ವೇಗದಲ್ಲಿ ಸುಮಾರು 170, 100ರಲ್ಲಿ 270, 120ರಲ್ಲಿ 390 ನ್ಯೂಟನ್ ಬರುತ್ತದೆ. ಎರಡನ್ನೂ ಕೂಡಿಸಿದಾಗ 310, 410 ಮತ್ತು 530. ಅಂದರೆ 80ರಿಂದ 100ಕ್ಕೆ ಹೋದರೆ ಪ್ರತಿ ಕಿಲೋಮೀಟರಿಗೆ ಬೇಕಾಗುವ ಶಕ್ತಿ ಮೂರನೇ ಒಂದರಷ್ಟು ಹೆಚ್ಚುತ್ತದೆ. 120ಕ್ಕೆ ಹೋದರೆ ನೂರಕ್ಕೆ ಎಪ್ಪತ್ತರಷ್ಟು.

ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿ ಇದೆ, ಅದರಲ್ಲಿ ಚಕ್ರಗಳವರೆಗೆ ತಲುಪುವುದು ಸರಿಸುಮಾರು ಕಾಲು ಭಾಗ, ಎಂದರೆ 8 ಮೆಗಾಜೂಲ್. ಈ ಲೆಕ್ಕದಲ್ಲಿ ಬೆಂಗಳೂರಿನಿಂದ ಮೈಸೂರಿಗೆ 80ರ ಬದಲು 100ರಲ್ಲಿ ಹೋದರೆ ಒಂದೂವರೆ ಲೀಟರ್ ಹೆಚ್ಚು ಬೇಕು. ಎಂಜಿನ್ ಹಗುರವಾಗಿ ದುಡಿಯುವಾಗ ಅದರ ದಕ್ಷತೆ ತುಸು ಕುಗ್ಗುವುದರಿಂದ ವಾಸ್ತವದಲ್ಲಿ ಅಂತರ ಇದಕ್ಕಿಂತ ಕಡಿಮೆ ಇದ್ದು, ಒಂದು ಲೀಟರಿನ ಆಸುಪಾಸಿಗೆ ನಿಲ್ಲುತ್ತದೆ. ಉಳಿಯುವ ಸಮಯ ಎಷ್ಟು? 80ರಲ್ಲಿ 88 ನಿಮಿಷ, 100ರಲ್ಲಿ 71 ನಿಮಿಷ. ಮಿತಿ ಮೀರಿ 120ಕ್ಕೆ ಏರಿದವರಿಗೆ ಮತ್ತೆ ಸಿಗುವುದು ಹನ್ನೆರಡೇ ನಿಮಿಷ, ಜೊತೆಗೆ ಕ್ಯಾಮೆರಾ ಕಳಿಸುವ ದಂಡದ ನೋಟಿಸು. 130ನ್ನು ದಾಟುವವರ ಮೇಲೆ ಎಫ್‌ಐಆರ್ ದಾಖಲಿಸುವುದಾಗಿ ರಾಜ್ಯದ ಪೊಲೀಸರು 2024ರಲ್ಲೇ ಪ್ರಕಟಿಸಿದ್ದಾರೆ.

ಈಗ ಲೆಕ್ಕದ ಇನ್ನೊಂದು ಬದಿಯನ್ನು ನೋಡಿ. ನಿಂತ ಕಾರನ್ನು ನೂರರ ವೇಗಕ್ಕೆ ತರಲು ಬೇಕಾದ ಚಲನಶಕ್ತಿ ಸುಮಾರು ಅರ್ಧ ಮೆಗಾಜೂಲ್. ಪೆಟ್ರೋಲಿಗೆ ಪರಿವರ್ತಿಸಿದರೆ ಅದು 60ರಿಂದ 65 ಮಿಲಿಲೀಟರ್, ಬೈ-ಟೂ ಕಾಫಿಯ ಒಂದು ಪುಟ್ಟ ಲೋಟದಷ್ಟು. ಗಾಳಿ ಮತ್ತು ಟೈರುಗಳ ಪಾಲನ್ನು ಸೇರಿಸಿದರೂ ಹತ್ತು ರೂಪಾಯಿ ಮುಟ್ಟುವುದಿಲ್ಲ. ಬೆನ್ನನ್ನು ಸೀಟಿಗೆ ಒತ್ತುವ, ಟರ್ಬೊ ಎದ್ದು ನಿಂತು ಎಳೆಯುವ ಆ ಪಿಕಪ್ಪಿಗಾಗಿಯೇ ನಾವು ಲಕ್ಷಗಟ್ಟಲೆ ಹೆಚ್ಚು ಕೊಟ್ಟು ಇಂಥ ಕಾರನ್ನು ಕೊಂಡಿರುತ್ತೇವೆ, ಅದರ ಬೆಲೆಯೋ ಇಷ್ಟೇ. ಮೈಸೂರಿನ ದಾರಿಯಲ್ಲಿ ಹದಿನೇಳು ನಿಮಿಷ ಉಳಿಸಲು ಸುಟ್ಟ ಆ ಒಂದು ಲೀಟರಿನಲ್ಲಿ ಇಂಥ ಹದಿನೈದು ಪಿಕಪ್‌ಗಳು ಸಿಗುತ್ತಿದ್ದವು.

ಇನ್ನೂ ಒಂದು ಅಂಕಿ ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು. ನೇರ ರಸ್ತೆಯಲ್ಲಿ 100ರ ವೇಗವನ್ನು ಕಾಯ್ದುಕೊಳ್ಳಲು ಈ ಕಾರಿಗೆ ಬೇಕಾಗುವುದು ಹದಿನೈದು ಅಶ್ವಶಕ್ತಿ ಮಾತ್ರ. ಉಳಿದ ನೂರಮೂವತ್ತೈದು ಸುಮ್ಮನೆ ಮಲಗಿರುತ್ತವೆ. ಒಂದೇ ವೇಗದಲ್ಲಿ ಸಾಗುವಾಗ ನಿಮ್ಮ ಕಾರಿಗೂ ಪಕ್ಕದ ಪಥದಲ್ಲಿ ಹೋಗುತ್ತಿರುವ ಸಾಮಾನ್ಯ ಹ್ಯಾಚ್‌ಬ್ಯಾಕಿಗೂ ಯಾವ ವ್ಯತ್ಯಾಸವೂ ಇರುವುದಿಲ್ಲ. ಮೈಗೆ ತಿಳಿಯುವುದು ವೇಗದ ಬದಲಾವಣೆಯೇ ಹೊರತು ವೇಗವಲ್ಲ. 140ರಲ್ಲಿ ಹತ್ತು ನಿಮಿಷ ಸಾಗಿದ ಚಾಲಕನಿಗೆ ಅದು ಎಂಬತ್ತರಂತೆಯೇ ತೋರತೊಡಗುತ್ತದೆ, ಅಪಾಯ ಮಾತ್ರ ನೂರನಲವತ್ತರದ್ದೇ ಇರುತ್ತದೆ.

ಹೆದ್ದಾರಿಯಲ್ಲಿ ಉಳಿಸುವ ಕ್ರಮ

ಆದ್ದರಿಂದ ಮೊದಲ ಸೂಚನೆ: ನೇರ ಹೆದ್ದಾರಿಯಲ್ಲಿ 80ರಿಂದ 90ರ ನಡುವೆ ವೇಗವನ್ನು ನಿಲ್ಲಿಸಿ, ಕ್ರೂಸ್ ಕಂಟ್ರೋಲ್ ಇದ್ದರೆ ಅದಕ್ಕೆ ಒಪ್ಪಿಸಿ, ಅತ್ಯಂತ ಮೇಲಿನ ಗೇರಿನಲ್ಲಿ ಸಾಗಿ. ಇಂಧನ ಉಳಿತಾಯದ ಪ್ರಚಾರ ಮಾಡುವ ಸರ್ಕಾರಿ ಸಂಸ್ಥೆ ಪಿಸಿಆರ್‌ಎ ಹೇಳುತ್ತ ಬಂದಿರುವುದು ಗಂಟೆಗೆ 45ರಿಂದ 55 ಕಿ.ಮೀ. ವೇಗವನ್ನು. ಪೆಟ್ರೋಲಿನ ಲೆಕ್ಕದಲ್ಲಿ ಆ ಮಾತು ಸರಿ, ಆದರೆ ನೂರರಲ್ಲಿ ಬರುವ ಬಸ್ಸು ಕಾರುಗಳ ನಡುವೆ ಆರು ಪಥದ ರಸ್ತೆಯಲ್ಲಿ ಐವತ್ತರಲ್ಲಿ ತೆವಳುವುದು ನಿಮಗೂ ಹಿಂದಿನವರಿಗೂ ಅಪಾಯ. ಎಂಬತ್ತು ಎಂಬುದು ಉಳಿತಾಯವೂ ಸಾಕಷ್ಟಿರುವ, ರಸ್ತೆಯ ಹರಿವಿಗೂ ಅಡ್ಡಿಯಾಗದ ವೇಗ. ಎಡ ಪಥವನ್ನು ಬಿಡಬೇಡಿ. ಬಲ ಪಥದಲ್ಲಿ ನಿಧಾನವಾಗಿ ಹೋಗಿ ಮಿಕ್ಕವರನ್ನು ಎಡದಿಂದ ಓವರ್‌ಟೇಕ್ ಮಾಡುವಂತೆ ದೂಡುವವನು ತನ್ನ ಉಳಿತಾಯಕ್ಕಾಗಿ ಇನ್ನೊಬ್ಬರ ಜೀವವನ್ನು ಪಣಕ್ಕಿಡುತ್ತಾನೆ.

ಲಾರಿಯ ಬೆನ್ನಿಗೆ ಅಂಟಿಕೊಂಡು ಹೋದರೆ ಗಾಳಿಯ ತಡೆ ಕಡಿಮೆಯಾಗುತ್ತದೆ ಎಂಬ ಸಲಹೆಯನ್ನು ಹಲವರು ಕೊಡುತ್ತಾರೆ. ಕಡಿಮೆಯಾಗುವುದು ನಿಜ, ಆದರೂ ಅದನ್ನು ಯಾರೂ ಮಾಡಬಾರದು. ಬ್ರೇಕ್ ದೀಪ ಉರಿಯದ ಲಾರಿಗಳು ನಮ್ಮ ರಸ್ತೆಗಳಲ್ಲಿ ಎಷ್ಟಿವೆಯೆಂಬುದು ಎಲ್ಲರಿಗೂ ಗೊತ್ತು. ಮೂರು ಸೆಕೆಂಡುಗಳ ಅಂತರವಿರಲಿ, 80ರ ವೇಗದಲ್ಲಿ ಅದು ಸುಮಾರು 67 ಮೀಟರ್ ಆಗುತ್ತದೆ.

ಹೆದ್ದಾರಿಯಲ್ಲಿ ನಿಜವಾಗಿ ಉಳಿಸುವ ಸ್ಥಳ ಟೋಲ್ ಪ್ಲಾಜಾ. ಬಿಡದಿಯ ಬಳಿ ಮತ್ತು ಶ್ರೀರಂಗಪಟ್ಟಣದ ಗಣಂಗೂರಿನಲ್ಲಿ ಟೋಲ್ ಬರುತ್ತದೆಂಬ ಫಲಕ ಎಷ್ಟೋ ಮೊದಲೇ ಕಾಣಿಸುತ್ತದೆ, ಆದರೂ ಬಹುಪಾಲು ಚಾಲಕರು ಕೊನೆಯ ಇನ್ನೂರು ಮೀಟರಿನವರೆಗೆ ಆಕ್ಸಿಲರೇಟರ್ ಮೇಲೆಯೇ ಕಾಲಿಟ್ಟು ಆಮೇಲೆ ಬ್ರೇಕ್ ಒತ್ತುತ್ತಾರೆ. ಹಾಗೆ ಮಾಡಿದಾಗ, ಬೈ-ಟೂ ಲೋಟದಷ್ಟು ಪೆಟ್ರೋಲ್ ಸುಟ್ಟು ಕೂಡಿಸಿಟ್ಟ ಚಲನಶಕ್ತಿಯೆಲ್ಲ ಬ್ರೇಕಿನ ಡಿಸ್ಕಿನಲ್ಲಿ ಬಿಸಿಯಾಗಿ ಕರಗಿಹೋಗುತ್ತದೆ. ಫಲಕ ಕಂಡೊಡನೆ ಹಿಂಬದಿಯ ಕನ್ನಡಿಯನ್ನು ನೋಡಿಕೊಂಡು ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ, ಗೇರ್ ಹಾಗೆಯೇ ಇರಲಿ. ಈಗಿನ ಎಂಜಿನ್‌ಗಳಲ್ಲಿ ಗೇರಿನಲ್ಲಿದ್ದಾಗ ಕಾಲು ತೆಗೆದರೆ ಇಂಜೆಕ್ಟರುಗಳು ಮುಚ್ಚಿಕೊಂಡು ಪೆಟ್ರೋಲ್ ಪೂರೈಕೆ ಪೂರ್ತಿ ನಿಲ್ಲುತ್ತದೆ, ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತಿರುತ್ತವೆ. ನ್ಯೂಟ್ರಲ್‌ಗೆ ಹಾಕಿದರೆ ಉಳಿತಾಯ ಹೆಚ್ಚು ಎಂಬ ನಂಬಿಕೆ ಕಾರ್ಬ್ಯುರೇಟರ್ ಕಾಲದಿಂದ ಬಂದದ್ದು. ಇಂದಿನ ಕಾರು ನ್ಯೂಟ್ರಲ್‌ನಲ್ಲಿ ಐಡಲ್‌ಗೆ ಬೇಕಾದ ಪೆಟ್ರೋಲನ್ನು ಕುಡಿಯುತ್ತಲೇ ಇರುತ್ತದೆ, ಮೇಲಾಗಿ ಹಠಾತ್ತನೆ ವೇಗ ಬೇಕಾದಾಗ ಚಾಲಕನ ಕೈಯಲ್ಲಿ ಗೇರ್ ಇರುವುದಿಲ್ಲ.

ಟೋಲ್ ದಾಟಿದ ಮೇಲೆ ಮತ್ತೆ ಎಂಬತ್ತಕ್ಕೆ ಏರಲೇಬೇಕು. ಅದನ್ನು ಮನಸ್ಸಿಟ್ಟು ಮಾಡಿ. ಮೊಟ್ಟೆಯ ಮೇಲೆ ಕಾಲಿಟ್ಟಂತೆ ನಿಧಾನವಾಗಿ ಆಕ್ಸಿಲರೇಟರ್ ಒತ್ತುವುದರಿಂದ ಪೆಟ್ರೋಲ್ ಉಳಿಯುತ್ತದೆಂಬ ಮಾತು ಅರ್ಧ ಮಾತ್ರ ನಿಜ. ಪೆಟ್ರೋಲ್ ಎಂಜಿನ್ ಅತ್ಯಂತ ದಕ್ಷವಾಗಿ ದುಡಿಯುವುದು ಮಧ್ಯಮ ಆರ್‌ಪಿಎಂನಲ್ಲಿ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತುಗಳು), ಸಾಕಷ್ಟು ಹೊರೆ ಬಿದ್ದಾಗ. ಟರ್ಬೊ ಎಂಜಿನ್ನಿನಲ್ಲಿ ಸುಮಾರು 2,000ದಿಂದ 3,000 ಆರ್‌ಪಿಎಂ ನಡುವೆ, ಪೆಡಲನ್ನು ಅರ್ಧಕ್ಕಿಂತ ತುಸು ಹೆಚ್ಚು ಒತ್ತಿ, ಬೇಗಬೇಗನೆ ಮೇಲಿನ ಗೇರಿಗೆ ಬದಲಿಸುತ್ತ ಹೋದರೆ ವೇಗವರ್ಧನೆಯ ಸುಖವೂ ಸಿಗುತ್ತದೆ, ಪೆಟ್ರೋಲೂ ಹೆಚ್ಚು ಹಾಳಾಗುವುದಿಲ್ಲ. ಪೆಡಲನ್ನು ಪೂರ್ತಿ ನೆಲಕ್ಕೆ ಒತ್ತಿ 5,000 ಆರ್‌ಪಿಎಂ ದಾಟಿದಾಗ ಕಥೆ ಬೇರೆ: ಎಂಜಿನ್ನಿನ ಬಿಸಿಯನ್ನು ತಗ್ಗಿಸಲು ಅನೇಕ ಟರ್ಬೊ ಎಂಜಿನ್‌ಗಳು ಸುಡಲಾಗದಷ್ಟು ಹೆಚ್ಚುವರಿ ಪೆಟ್ರೋಲನ್ನು ಸಿಂಪಡಿಸುತ್ತವೆ, ಅದು ಶಕ್ತಿಯಾಗದೆ ಸೈಲೆನ್ಸರಿನ ಕಡೆಗೆ ಹೋಗುತ್ತದೆ. ಫೋಕ್ಸ್‌ವ್ಯಾಗನ್‌ನ 1.5 ಲೀಟರಿನ ಟಿಎಸ್‌ಐ ಎಂಜಿನ್ನಿನಂಥವು ಹೊರೆ ಹಗುರವಾದಾಗ ನಾಲ್ಕರಲ್ಲಿ ಎರಡು ಸಿಲಿಂಡರುಗಳನ್ನು ತಾವೇ ಮಲಗಿಸುತ್ತವೆ. ಅಂಥ ಕಾರಿನಲ್ಲಿ ಏರುವಾಗ ಚುರುಕಾಗಿ ಏರಿ, ಏರಿದ ಮೇಲೆ ಪಾದವನ್ನು ಹಗುರವಾಗಿ ಇಡುವುದು ಇನ್ನೂ ಹೆಚ್ಚು ಲಾಭದಾಯಕ.

ನಗರದಲ್ಲಿ ಸಂಯಮ

ಬೆಂಗಳೂರಿನ ಒಳಗೆ ಲೆಕ್ಕ ತಿರುಗಿಬೀಳುತ್ತದೆ. ಒಂದು ಪಿಕಪ್ ಅಗ್ಗವೆಂದ ಮಾತ್ರಕ್ಕೆ ದಿನಕ್ಕೆ ನಲವತ್ತು ಪಿಕಪ್ ಅಗ್ಗವಾಗುವುದಿಲ್ಲ. ಹಸಿರು ದೀಪ ಬಿದ್ದೊಡನೆ 50ಕ್ಕೆ ಜಿಗಿದು ಮುಂದಿನ ಕೆಂಪು ದೀಪದಲ್ಲಿ ನಿಂತರೆ ಪ್ರತಿ ಸಲ ಸುಮಾರು 16 ಮಿಲಿಲೀಟರ್ ಬ್ರೇಕಿಗೆ ಅರ್ಪಣೆ. 30ಕ್ಕೆ ಏರಿ ಉರುಳುತ್ತ ಅದೇ ಕೆಂಪು ದೀಪವನ್ನು ಸೇರಿದರೆ 6 ಮಿಲಿಲೀಟರ್. ಎರಡೂ ಕಾರುಗಳು ಕೊನೆಗೆ ನಿಲ್ಲುವುದು ಅಕ್ಕಪಕ್ಕದಲ್ಲೇ. ಎಸಿ ಹಾಕಿಕೊಂಡು ನಿಂತ ಕಾರು ಗಂಟೆಗೆ ಸುಮಾರು ಒಂದು ಲೀಟರ್ ಸುಡುವುದರಿಂದ ಸಿಲ್ಕ್ ಬೋರ್ಡ್‌ನಂಥ ಜಂಕ್ಷನ್ನಿನಲ್ಲಿ ಎಂಜಿನ್ ಆರಿಸುವುದು ಒಳ್ಳೆಯದು. ಕಾರಿನಲ್ಲಿ ತಾನಾಗಿ ಆರಿ ಹೊತ್ತಿಕೊಳ್ಳುವ ವ್ಯವಸ್ಥೆಯಿದ್ದರೆ ಅದನ್ನು ಬಂದ್ ಮಾಡಿಡಬೇಡಿ. ಗೇರ್‌ಬಾಕ್ಸ್ ಸ್ವಯಂಚಾಲಿತವಾಗಿದ್ದರೆ ಸ್ಪೋರ್ಟ್ ಮೋಡ್ ನಗರಕ್ಕೆ ಬೇಡವೇ ಬೇಡ. ಅದು ಕೆಳ ಗೇರನ್ನೇ ಹಿಡಿದುಕೊಂಡು ಎಂಜಿನ್ನನ್ನು ಕೂಗಿಸುತ್ತದೆ, ಆ ಕೂಗು ಶಾಲೆಯ ಮುಂದೆಯೂ ಆಸ್ಪತ್ರೆಯ ಮುಂದೆಯೂ ಕೇಳಿಸುತ್ತದೆ.

ನಗರದ ಸಂಯಮದಿಂದ ಇನ್ನೊಂದು ಲಾಭವಿದೆ, ಅದನ್ನು ಪೆಟ್ರೋಲಿನಲ್ಲಿ ಅಳೆಯಲಾಗದು. ಬ್ರೇಕ್ ಬಳಸದೆ ಓಡಿಸಬೇಕೆಂದು ಹೊರಟವನು ನಾಲ್ಕು ವಾಹನ ಮುಂದೆ ನೋಡಲು ಕಲಿಯುತ್ತಾನೆ: ನಿಂತ ಬಸ್ಸಿನ ಮರೆಯಿಂದ ಯಾರೋ ದಾಟಬಹುದು, ಆ ಆಟೊ ಎಡಕ್ಕೆ ತಿರುಗಬಹುದು, ಮುಂದೆ ಬಣ್ಣ ಬಳಿಯದ ಹಂಪ್ ಇರಬಹುದು ಎಂದು ಕಣ್ಣು ಮೊದಲೇ ಹುಡುಕುತ್ತದೆ. ಪಾದ ಮತ್ತು ಕೈಗಳು ನಯವಾಗುತ್ತವೆ. ಘಾಟಿಯಲ್ಲಿ ಚೆನ್ನಾಗಿ ಓಡಿಸಲು ಬೇಕಾದ ವಿದ್ಯೆಯೂ ಇದೇ. ಪೆಟ್ರೋಲ್ ಉಳಿಸಲು ಕಲಿತ ಚಾಲಕನು ತಿರುವಿನಲ್ಲಿ ಉಳಿದವರಿಗಿಂತ ಚುರುಕಾಗಿ, ಸುರಕ್ಷಿತವಾಗಿ ಹೋಗುವುದನ್ನು ನಾನು ಹಲವು ಸಲ ಪಕ್ಕದ ಸೀಟಿನಲ್ಲಿ ಕುಳಿತು ಕಂಡಿದ್ದೇನೆ.

ಉಳಿಸಿದ್ದನ್ನು ಖರ್ಚು ಮಾಡುವ ಸ್ಥಳ

ಸ್ಪೋರ್ಟ್ಸ್ ಕಾರಿನ ನಿಜವಾದ ಸಂತೋಷ ತಿರುವಿನಲ್ಲಿದೆ, ಮತ್ತು ಒಳ್ಳೆಯ ತಿರುವುಗಳು ನಿಧಾನದ ರಸ್ತೆಗಳಲ್ಲಿವೆ. 30 ಮೀಟರ್ ತ್ರಿಜ್ಯದ ತಿರುವಿನಲ್ಲಿ ಗಂಟೆಗೆ 40 ಕಿ.ಮೀ. ವೇಗದಲ್ಲಿ ಹೋಗುವಾಗ ಕಾರು ಚಾಲಕನನ್ನು ಅವನ ತೂಕದ ಐದರಲ್ಲಿ ಎರಡು ಪಾಲಿನಷ್ಟು ಬಲದಿಂದ ಪಕ್ಕಕ್ಕೆ ಎಳೆಯುತ್ತದೆ. ಹೆದ್ದಾರಿಯಲ್ಲಿ ನೂರನಲವತ್ತರಲ್ಲಿ ನೇರವಾಗಿ ಹೋಗುವಾಗ ಆ ಬಲ ಸೊನ್ನೆ. ಸ್ಟೇರಿಂಗ್ ತೂಕ ಪಡೆಯುವುದು, ಹೊರಗಿನ ಟೈರಿನ ಮೇಲೆ ಕಾರು ಒರಗುವುದು, ತಿರುವಿನ ತುದಿ ಕಂಡೊಡನೆ ಎರಡನೇ ಗೇರಿನಲ್ಲಿ ಎಂಜಿನ್ ಎಳೆಯುವುದು ಎಲ್ಲವೂ ನಲವತ್ತರೊಳಗೆ ನಡೆಯುತ್ತದೆ. 1989ರಲ್ಲಿ ಬಂದ ಮಾಜ್ದಾದ ಎಂಎಕ್ಸ್-5 ಈ ಸತ್ಯದ ಮೇಲೆಯೇ ನಿಂತ ಕಾರು. ಒಂದು ಟನ್ನಿಗಿಂತ ಕಡಿಮೆ ತೂಕ, 1.6 ಲೀಟರಿನ ಎಂಜಿನ್, ಸುಮಾರು 115 ಅಶ್ವಶಕ್ತಿ. ಅದಕ್ಕಿಂತ ವೇಗವಾಗಿ ಓಡುವ ಕಾರುಗಳು ಆಗಲೂ ಬೇಕಾದಷ್ಟಿದ್ದವು, ಆದರೂ ಎರಡು ಸೀಟಿನ ಈ ಕಾರು ಹತ್ತು ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು.

ಘಾಟಿಯ ಪೆಟ್ರೋಲ್ ಲೆಕ್ಕ ಎಲ್ಲಕ್ಕಿಂತ ಸೊಗಸು. 500 ಮೀಟರ್ ಎತ್ತರವನ್ನು ಹತ್ತಲು ನಮ್ಮ ಕಾರಿಗೆ ಸುಮಾರು 0.8 ಲೀಟರ್ ಬೇಕು. ಇದು ಗುರುತ್ವಾಕರ್ಷಣೆಗೆ ಕಟ್ಟುವ ಸುಂಕ, ನಿಧಾನವಾಗಿ ಹತ್ತಿದರೂ ಚುರುಕಾಗಿ ಹತ್ತಿದರೂ ಅಷ್ಟೇ. ವೇಗ 30–50ರ ನಡುವೆ ಇರುವುದರಿಂದ ಗಾಳಿಯ ತಡೆ ಲೆಕ್ಕಕ್ಕೇ ಬರುವುದಿಲ್ಲ. ಒಂದು ಹೇರ್‌ಪಿನ್ ತಿರುವಿನಿಂದ ಹೊರಬರುತ್ತ 25ರಿಂದ 45ಕ್ಕೆ ಏರಿಸುವುದಕ್ಕೆ ಹಿಡಿಯುವ ಹೆಚ್ಚುವರಿ ಪೆಟ್ರೋಲ್ 9 ಮಿಲಿಲೀಟರ್, ಅಂದರೆ ಒಂದು ರೂಪಾಯಿಯ ಆಸುಪಾಸು. ಆಗುಂಬೆ ಘಾಟಿಯ ಹದಿನಾಲ್ಕು ಹೇರ್‌ಪಿನ್‌ಗಳನ್ನೂ ಮನಸಾರೆ ಅನುಭವಿಸಿದರೆ ಹದಿನಾಲ್ಕು ರೂಪಾಯಿ ಹೆಚ್ಚಾಗಬಹುದು. ಇಷ್ಟಕ್ಕಾಗಿ ಘಾಟಿಯಲ್ಲೂ ಮೈಲೇಜಿನ ಅಂಕಿಯನ್ನೇ ನೋಡುತ್ತ ಕುಳಿತುಕೊಳ್ಳುವುದು ಹಬ್ಬದ ಊಟದಲ್ಲಿ ಉಪ್ಪಿನಕಾಯಿಯ ಲೆಕ್ಕ ಹಾಕಿದಂತೆ.

ಆದರೆ ಘಾಟಿ ಎಲ್ಲರ ರಸ್ತೆ, ಈ ಮಾತನ್ನು ಒತ್ತಿ ಹೇಳಬೇಕು. ಆಗುಂಬೆಯಲ್ಲಿ ಒಂದು ಬಸ್ಸು ತಿರುಗಲು ಇಡೀ ರಸ್ತೆಯೇ ಬೇಕಾಗುತ್ತದೆ. ಚಾರ್ಮಾಡಿಯಲ್ಲಿ ಮಂಜು ಇಳಿದರೆ ಹತ್ತು ಮೀಟರ್ ಮುಂದಿನದು ಕಾಣುವುದಿಲ್ಲ, ಮಳೆಗಾಲದಲ್ಲಿ ಶಿರಾಡಿಯೂ ಸೇರಿ ಎಲ್ಲೆಡೆ ಗುಡ್ಡ ಕುಸಿಯುವ ಭಯ. ನವೆಂಬರಿನಿಂದ ಫೆಬ್ರವರಿಯವರೆಗಿನ ಒಣ ದಿನಗಳಲ್ಲಿ, ಬೆಳಕು ಹರಿದ ಮೇಲೆ ಪ್ರವಾಸಿಗರ ದಟ್ಟಣೆ ಶುರುವಾಗುವ ಮೊದಲು, ವಾರದ ನಡುವಿನ ದಿನ ಹೋಗಿ. ಮೊದಲ ಸಲ ನಿಧಾನವಾಗಿ ಹತ್ತಿ ರಸ್ತೆಯ ಸ್ಥಿತಿಯನ್ನು ನೋಡಿಕೊಳ್ಳಿ: ಎಲ್ಲಿ ಜಲ್ಲಿ ಚೆಲ್ಲಿದೆ, ಎಲ್ಲಿ ಬಂಡೆಯಿಂದ ನೀರು ಜಿನುಗಿ ಪಾಚಿ ಕಟ್ಟಿದೆ, ಎಲ್ಲಿ ಮಂಗಗಳಿಗೆ ತಿಂಡಿ ಎಸೆಯಲು ಜನ ಕಾರು ನಿಲ್ಲಿಸಿಕೊಂಡಿದ್ದಾರೆ ಎಂಬುದೆಲ್ಲ ತಿಳಿದಿರಬೇಕು. ನಿಮ್ಮ ಪಥದ ಗೆರೆಯನ್ನು ಒಂದು ಗೇಣೂ ದಾಟಬೇಡಿ. ಕಾಣುವ ದೂರದ ಅರ್ಧದಲ್ಲಿ ನಿಲ್ಲಿಸಲು ಸಾಧ್ಯವಾಗುವಷ್ಟೇ ವೇಗವಿರಲಿ. ಕುರುಡು ತಿರುವಿಗೆ ಮೊದಲು ಹಾರ್ನ್ ಮಾಡಿ. ಇಳಿಯುತ್ತಿದ್ದರೆ ಹತ್ತುವವರಿಗೆ ದಾರಿ ಬಿಡಿ, ನಿಯಮವೂ ಅದೇ. ತಿರುವಿನ ಒಳಗೆ ಬ್ರೇಕ್ ಒತ್ತುವ ಪ್ರಸಂಗ ಬರಬಾರದು. ಮೊದಲೇ ನೇರದಲ್ಲಿ ವೇಗ ಇಳಿಸಿ, ಗೇರ್ ಬದಲಿಸಿ, ಆಮೇಲೆ ಸ್ಟೇರಿಂಗ್ ತಿರುಗಿಸಿ, ತಿರುವಿನ ತುದಿ ಕಂಡ ಮೇಲೆಯೇ ಆಕ್ಸಿಲರೇಟರ್ ಒತ್ತಿ. ಮನೆಯವರು ಜೊತೆಗಿದ್ದರೆ ಇದೆಲ್ಲವನ್ನೂ ಇನ್ನೊಂದು ದಿನಕ್ಕೆ ಬಿಡಿ. ಹಿಂದಿನ ಸೀಟಿನಲ್ಲಿ ಅಮ್ಮನಿಗೆ ವಾಂತಿ ಬರುವಂತೆ ಓಡಿಸುವುದು ಚಾಲನೆಯ ಕೌಶಲವಲ್ಲ. ಬಂಡೀಪುರದಂಥ ಕಾಡಿನ ರಸ್ತೆಗಳು ಈ ಲೆಕ್ಕಕ್ಕೆ ಬರುವುದೇ ಇಲ್ಲ, ಅಲ್ಲಿ ಪ್ರಾಣಿಗಳದ್ದೇ ಮೊದಲ ಹಕ್ಕು.

ಇಳಿಯುವಾಗ ಹತ್ತಿದ ಗೇರಿನಲ್ಲೇ ಇಳಿಯಬೇಕೆಂಬ ಹಿರಿಯ ಚಾಲಕರ ಮಾತು ಪೆಟ್ರೋಲಿಗೂ ಬ್ರೇಕಿಗೂ ಒಟ್ಟಿಗೆ ಒಳ್ಳೆಯದು. ಎರಡನೇ ಗೇರಿನಲ್ಲಿ ಕಾಲು ತೆಗೆದು ಇಳಿದರೆ ಇಂಧನ ಪೂರೈಕೆ ನಿಂತಿರುತ್ತದೆ, ಎಂಜಿನ್ನೇ ಕಾರನ್ನು ಹಿಡಿದಿರುತ್ತದೆ, ಬ್ರೇಕ್ ತಣ್ಣಗಿರುತ್ತದೆ. ನ್ಯೂಟ್ರಲ್‌ನಲ್ಲಿ ಇಳಿಸಿ ಬ್ರೇಕ್ ಕಾದು ಪೆಡಲ್ ಸ್ಪಂಜಿನಂತಾಗುವುದನ್ನು ಒಮ್ಮೆ ನಾನೇ ಅನುಭವಿಸಿದ್ದೇನೆ. ಆ ದಿನ ಎದುರಿನಿಂದ ಏನೂ ಬರಲಿಲ್ಲವಾದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಎಂಜಿನ್ ತಣ್ಣಗಿರುವಾಗ ಈ ಯಾವ ಸುಖಕ್ಕೂ ಕೈಹಾಕಬಾರದು. ತಾಪಮಾನದ ಮುಳ್ಳು ತೋರಿಸುವುದು ನೀರಿನ ಬಿಸಿಯನ್ನು. ಆಯಿಲ್ ಬಿಸಿಯಾಗಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು, ಆದ್ದರಿಂದ ಮೊದಲ ಹತ್ತು ಕಿಲೋಮೀಟರ್ ಸೌಮ್ಯವಾಗಿ ಸಾಗಿ. ನಿಂತಲ್ಲೇ ಎಂಜಿನ್ ಓಡಿಸಿ ಬಿಸಿ ಮಾಡುವುದು ಪೆಟ್ರೋಲಿನ ನಷ್ಟ ಮಾತ್ರ. ಹಾಗೆಯೇ ಘಾಟಿ ಹತ್ತಿ ಮುಗಿಸಿದ ಮೇಲೆ ಕೊನೆಯ ಎರಡು ಕಿಲೋಮೀಟರ್ ನಿಧಾನವಾಗಿ ಹೋದರೆ ಟರ್ಬೊ ತಣಿಯುತ್ತದೆ.

ಅಳತೆ ಸರಿಯಿರಬೇಕು

ಉಳಿತಾಯ ಆಗಿದೆಯೋ ಇಲ್ಲವೋ ಎಂಬುದನ್ನು ಡ್ಯಾಶ್‌ಬೋರ್ಡಿನ ಪರದೆ ನೋಡಿ ತೀರ್ಮಾನಿಸಬೇಡಿ, ಅದು ತುಸು ಉದಾರವಾಗಿಯೇ ಹೇಳುವುದುಂಟು. ಒಂದೇ ಬಂಕಿನಲ್ಲಿ, ಪಂಪು ತಾನಾಗಿ ನಿಲ್ಲುವವರೆಗೆ ಫುಲ್ ಟ್ಯಾಂಕ್ ಹಾಕಿಸಿ, ಕನಿಷ್ಠ ಮುನ್ನೂರು ಕಿಲೋಮೀಟರ್ ಓಡಿಸಿ, ಮತ್ತೆ ಅಲ್ಲೇ ಹಾಗೆಯೇ ತುಂಬಿಸಿ ಭಾಗಿಸಿ. 80 ಮತ್ತು 100ರ ಹೋಲಿಕೆ ಮಾಡುವವರು ಹೋಗಿ ಬರುವ ಎರಡೂ ದಾರಿಗಳನ್ನು ಕೂಡಿಸಲೇಬೇಕು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ಮೈಸೂರು ಸುಮಾರು 770ರಲ್ಲಿ. ಈ ನೂರೈವತ್ತು ಮೀಟರಿನ ಇಳಿಜಾರು ಹೋಗುವಾಗ ಸುಮಾರು 0.2 ಲೀಟರ್ ಉಡುಗೊರೆ ಕೊಟ್ಟು ಬರುವಾಗ ಅದನ್ನು ವಾಪಸು ಕೇಳುತ್ತದೆ. ಮೈಸೂರು ತಲುಪಿದೊಡನೆ ಮೈಲೇಜಿನ ಚಿತ್ರ ತೆಗೆದು ಗೆಳೆಯರಿಗೆ ಕಳಿಸುವವರು ಅರ್ಧ ಲೆಕ್ಕವನ್ನಷ್ಟೇ ಕಳಿಸುತ್ತಿರುತ್ತಾರೆ. ಮುಂಗಾರಿನ ಪಡುವಣ ಗಾಳಿಯನ್ನೂ ಮರೆಯುವಂತಿಲ್ಲ. ಎದುರಿನಿಂದ 20 ಕಿ.ಮೀ. ವೇಗದ ಗಾಳಿ ಬೀಸುತ್ತಿದ್ದರೆ ನೂರರಲ್ಲಿ ಹೋಗುವ ಕಾರಿಗೆ ಗಾಳಿಯ ಪಾಲಿನ ವೇಗ ನೂರಿಪ್ಪತ್ತೇ.

ಪೆಟ್ರೋಲಿನಲ್ಲಿ ಶೇ 20ರಷ್ಟು ಎಥೆನಾಲ್ ಬೆರೆಸತೊಡಗಿದ ಮೇಲೆ ಹಳೆಯ ದಾಖಲೆಗಳೊಂದಿಗೆ ಹೋಲಿಸುವಾಗಲೂ ಎಚ್ಚರ ಬೇಕು. ಲೀಟರ್ ಎಥೆನಾಲಿನಲ್ಲಿ ಪೆಟ್ರೋಲಿನ ಮೂರನೇ ಎರಡರಷ್ಟು ಮಾತ್ರ ಶಕ್ತಿಯಿರುವುದರಿಂದ ಈ ಮಿಶ್ರಣದ ಲೀಟರಿನಲ್ಲಿ ಶುದ್ಧ ಪೆಟ್ರೋಲಿಗಿಂತ ಶೇ 6–7ರಷ್ಟು ಶಕ್ತಿ ಕಡಿಮೆ. ನಿಮ್ಮ ಪಾದ ಹಗುರವಾಗಿದ್ದರೂ ಮೈಲೇಜ್ ಇಳಿದಿದ್ದರೆ ಕಾರಣ ಅಲ್ಲಿರಬಹುದು.

ಟೈರಿನ ಗಾಳಿಯ ಬಗ್ಗೆ ಎಲ್ಲರೂ ಹೇಳುತ್ತಾರೆ. ಪೆಟ್ರೋಲಿನ ಮಟ್ಟಿಗೆ ಅದರ ಪರಿಣಾಮ ಚಿಕ್ಕದು, ಒಂದು ಪಿಎಸ್‌ಐ ಕಡಿಮೆಯಾದರೆ ಮೈಲೇಜ್ ಶೇ 0.2ರಷ್ಟು ಇಳಿಯುತ್ತದೆ. ಆದರೆ ತಿರುವಿನಲ್ಲಿ ಕಾರು ಹೇಳಿದಂತೆ ಕೇಳಬೇಕಾದರೆ ಚಾಲಕನ ಬಾಗಿಲಿನ ಕಂಬದ ಮೇಲೆ ಬರೆದಷ್ಟೇ ಗಾಳಿ ಇರಬೇಕು, ಅದನ್ನು ಬೆಳಗ್ಗೆ ಟೈರು ತಣ್ಣಗಿರುವಾಗ ನೋಡಿಸಬೇಕು. ಅಂದಕ್ಕಾಗಿ ಅಗಲವಾದ ಟೈರು, ದೊಡ್ಡ ಅಲಾಯ್ ಹಾಕಿಸುವವರು ಮೈಲೇಜನ್ನೂ ಕಳೆದುಕೊಳ್ಳುತ್ತಾರೆ, ನಮ್ಮ ಗುಂಡಿಗಳಲ್ಲಿ ರಿಮ್ಮನ್ನೂ ಕಳೆದುಕೊಳ್ಳುತ್ತಾರೆ. ಡಿಕ್ಕಿಯಲ್ಲಿ ವರ್ಷಗಟ್ಟಲೆ ಹೊತ್ತು ತಿರುಗುವ ಸಾಮಾನನ್ನು ಇಳಿಸಿಬಿಡಿ. ಪೆಟ್ರೋಲಿಗಿಂತ ಹೆಚ್ಚಾಗಿ ಸ್ಟೇರಿಂಗಿಗೆ ಅದರಿಂದ ಲಾಭ.

ಪೂರ್ತಿ ವೇಗ ಬೇಕಾದವರಿಗೆ

ಘಾಟಿಯ ನಲವತ್ತು ಸಾಲದು, ಎಂಜಿನ್ನಿನ ಪೂರ್ತಿ ಶಕ್ತಿಯನ್ನು ಕಾಣಲೇಬೇಕು ಎನ್ನುವವರಿಗೆ ಇರುವುದು ರೇಸ್ ಟ್ರ್ಯಾಕ್ ಒಂದೇ. ಕೊಯಮತ್ತೂರಿನ ಬಳಿ ಕಾರಿ ಮೋಟಾರ್ ಸ್ಪೀಡ್‌ವೇ ಇದೆ. ಬೆಂಗಳೂರಿನವರಿಗೆ ಚೆನ್ನೈ ಹೆದ್ದಾರಿಯಲ್ಲೇ ಸಿಗುವ ಇರುಂಗಾಟ್ಟುಕೋಟೈನ ಮದ್ರಾಸ್ ಸರ್ಕ್ಯೂಟ್ ಇದೆ, ಒಂದು ಸುತ್ತು 3.7 ಕಿ.ಮೀ. ಸಾರ್ವಜನಿಕರಿಗೆಂದು ಟ್ರ್ಯಾಕ್ ಡೇ ಇಟ್ಟಾಗ ಶುಲ್ಕ ಕಟ್ಟಿ, ಹೆಲ್ಮೆಟ್ ಧರಿಸಿ, ತರಬೇತುದಾರರ ಮಾತು ಕೇಳಿ ಓಡಿಸಬಹುದು. ಎದುರಿನಿಂದ ಯಾರೂ ಬರುವುದಿಲ್ಲ, ಆಚೀಚೆ ದಾಟುವವರಿಲ್ಲ, ತಪ್ಪಿದರೆ ಜಾರಲು ಜಾಗವಿದೆ. ಪೆಟ್ರೋಲ್ ಮಾತ್ರ ಲೀಟರಿಗೆ ಮೂರು ನಾಲ್ಕು ಕಿಲೋಮೀಟರಿನಂತೆ ಹೋಗುತ್ತದೆ, ಇಪ್ಪತ್ತು ನಿಮಿಷದ ಓಟಕ್ಕೆ ಎಂಟರಿಂದ ಹನ್ನೊಂದು ಲೀಟರ್. ಮೈಸೂರಿಗೆ ನಾಲ್ಕೈದು ಸಲ ನೂರರ ಬದಲು ಎಂಬತ್ತರಲ್ಲಿ ಹೋಗಿ ಬಂದರೆ ಉಳಿಯುವುದು ಹೆಚ್ಚೂಕಡಿಮೆ ಅಷ್ಟೇ. ನಾನು ಬಂಕಿನ ರಸೀದಿಗಳ ಪುಸ್ತಕದಲ್ಲಿ ಇದಕ್ಕೆಂದೇ ಒಂದು ಪುಟ ಇಟ್ಟಿದ್ದೇನೆ: ಹೆದ್ದಾರಿಯಲ್ಲಿ ಉಳಿದ ಲೀಟರುಗಳು ಎಡಗಡೆ, ಘಾಟಿ ಮತ್ತು ಟ್ರ್ಯಾಕಿನಲ್ಲಿ ಸುಟ್ಟವು ಬಲಗಡೆ.

ಟ್ರ್ಯಾಕಿಗೆ ಹೋಗುವ ಮೊದಲು ಬ್ರೇಕ್ ಪ್ಯಾಡು, ಬ್ರೇಕ್ ಆಯಿಲ್, ಎಂಜಿನ್ ಆಯಿಲ್ ಮತ್ತು ಟೈರುಗಳ ಅಂಚನ್ನು ತೋರಿಸಿಕೊಳ್ಳಿ. ವಿಮೆ ಟ್ರ್ಯಾಕಿನಲ್ಲಾದ ಹಾನಿಯನ್ನು ಸಾಮಾನ್ಯವಾಗಿ ಭರಿಸುವುದಿಲ್ಲವೆಂಬುದು ತಿಳಿದಿರಲಿ. ಪ್ರತಿ ಓಟದ ಕೊನೆಯ ಸುತ್ತನ್ನು ಬ್ರೇಕ್ ಮುಟ್ಟದೆ ನಿಧಾನವಾಗಿ ಮುಗಿಸಿ, ನಿಲ್ಲಿಸಿದ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯದೆ ಗೇರಿನಲ್ಲಿ ಬಿಡಿ, ಕಾದ ಡಿಸ್ಕಿಗೆ ಪ್ಯಾಡು ಅಂಟಿಕೊಳ್ಳಬಾರದು. ಸಂಜೆ ಹೊರಡುವ ಮುನ್ನ ಟೈರು ತಣಿದ ಮೇಲೆ ಗಾಳಿಯನ್ನು ಮತ್ತೆ ಸರಿಮಾಡಿಸಿಕೊಳ್ಳಿ. ಬೆಂಗಳೂರಿಗೆ ಅಲ್ಲಿಂದ ಸುಮಾರು 300 ಕಿಲೋಮೀಟರ್ ಇದೆ. ಎಡ ಪಥ, ಎಂಬತ್ತು, ಮೇಲಿನ ಗೇರ್.